ಪ್ಲಾಸ್ಟಿಕ್, ಕರುಳು, ಮುಟ್ಟು: ಡಾಕ್ಟರ್ ಹತ್ತಿರ ಕೇಳಿ

ಅಡ್ಮಿನ್: ಇವತ್ತು ನಮ್ಮ ಗ್ರೂಪಿನ ಸ್ತ್ರೀರೋಗ ತಜ್ಞೆ ಉತ್ತರ ಕೊಡುತ್ತಾರೆ. ಪ್ಲಾಸ್ಟಿಕ್‌ಗೆ ಬೆರೆಸುವ ಕೆಮಿಕಲ್, ಕರುಳಿನ ಬ್ಯಾಕ್ಟೀರಿಯಾ, ಮುಟ್ಟಿನ ತೊಂದರೆ ಬಗ್ಗೆ ಮಾತ್ರ ಕೇಳಿ.

ಸುಮಾ: ಮೇಡಂ, ಹೋಟೆಲಿಂದ ಬಿಸಿ ಸಾಂಬಾರ್ ಕವರಲ್ಲಿ ಕಟ್ಟಿಸಿಕೊಂಡು ಬರಬಹುದಾ?

ಡಾಕ್ಟರ್: ಬಿಸಿ, ಎಣ್ಣೆ, ಹುಳಿ ತಾಗಿದರೆ ಪ್ಲಾಸ್ಟಿಕ್‌ನಲ್ಲಿರುವುದು ಬೇಗ ಬಿಡುತ್ತದೆ. ಸಾಂಬಾರಲ್ಲಿ ಮೂರೂ ಇವೆ. ಸ್ಟೀಲ್ ಡಬ್ಬಿ ಒಯ್ಯಿರಿ.

ರೇಖಾ: 20 ಲೀಟರ್ ವಾಟರ್ ಕ್ಯಾನ್ ಬಿಸಿಲಲ್ಲಿ ಟೆಂಪೋ ಮೇಲೆ ಬರುತ್ತೆ. ಅದು ಪರವಾಗಿಲ್ವಾ?

ಚೈತ್ರಾ: ವಯಸ್ಸು 26, ಮದುವೆಯಾಗಿ ಎರಡು ವರ್ಷ. ಬಿಲ್ಲಿಂಗ್ ಕೌಂಟರಲ್ಲಿ ಕೆಲಸ, ದಿನಕ್ಕೆ ಮುನ್ನೂರು ಬಿಲ್ ಹರಿದು ಕೊಡುತ್ತೇನೆ, ಮಧ್ಯೆ ಮಧ್ಯೆ ಸ್ಯಾನಿಟೈಸರ್. ಮುಟ್ಟು ಮೂರ್ನಾಲ್ಕು ತಿಂಗಳಿಗೊಮ್ಮೆ. ಹೊಟ್ಟೆ ಉಬ್ಬರ. ಪ್ಲಾಸ್ಟಿಕ್ ವಿಷ ಹೊರಗೆ ಹೋಗುತ್ತೆ ಅಂತ ಫಾರ್ವರ್ಡ್ ಬಂದಿತ್ತು, ವಾರಕ್ಕೊಮ್ಮೆ ಹರಳೆಣ್ಣೆ ಕುಡಿಯುತ್ತಿದ್ದೇನೆ.

ಡಾಕ್ಟರ್: ಚೈತ್ರಾ, ಹರಳೆಣ್ಣೆ ಇವತ್ತೇ ನಿಲ್ಲಿಸಿ. ಮೊದಲು ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ. ಮುಟ್ಟು ಹೀಗೆ ತಪ್ಪುವವರಿಗೆ ಬಸಿರು ನಿಂತಿದ್ದೇ ಎಷ್ಟೋ ಸಲ ಗೊತ್ತಾಗಲ್ಲ. ಇನ್ನು ನಿಮ್ಮ ಕೆಲಸ. ಬಿಲ್ ಕಾಗದವನ್ನು ಉಗುರಲ್ಲಿ ಗೀರಿ, ಕಪ್ಪು ಗೆರೆ ಬಿದ್ದರೆ ಅದು ಥರ್ಮಲ್ ಪೇಪರ್. ಅದರ ಮೇಲ್ಪದರದಲ್ಲಿ ಸಾಮಾನ್ಯವಾಗಿ ಬಿಪಿಎ (ಗಟ್ಟಿ ಪ್ಲಾಸ್ಟಿಕ್ ಮಾಡಲೂ ಬಳಸುವ ಕೆಮಿಕಲ್) ಅಥವಾ ಅದರಂಥದ್ದೇ ಬಿಪಿಎಸ್ ಇರುತ್ತದೆ, ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಹಿಡಿದರೆ ಚರ್ಮದೊಳಕ್ಕೆ ಜಾಸ್ತಿ ಇಳಿಯುತ್ತದೆ. ಬಿಪಿಎ ದೇಹದಲ್ಲಿ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನಿನ ವೇಷ ಹಾಕುತ್ತದೆ. ಆದರೆ ಲಿವರ್ ಅದನ್ನು ಒಂದು ದಿನದೊಳಗೆ ಬಹುಪಾಲು ಮೂತ್ರಕ್ಕೆ ಕಳಿಸಿಬಿಡುತ್ತದೆ, ಅದಕ್ಕೆ ಭೇದಿ ಬೇಕಿಲ್ಲ. ಕಷ್ಟ ಏನೆಂದರೆ ಮರುದಿನ ಮತ್ತೆ ಮುನ್ನೂರು ಬಿಲ್. ಕರುಳಿನ ಮಾತು ಬೇರೆ: ಲಿವರ್ ಗಂಟು ಕಟ್ಟಿ ಹೊರಗೆ ಕಳಿಸಿದ ಈಸ್ಟ್ರೋಜನ್ನನ್ನು ಅಲ್ಲಿನ ಕೆಲವು ಬ್ಯಾಕ್ಟೀರಿಯಾ ಬಿಚ್ಚಿ ವಾಪಸ್ ರಕ್ತಕ್ಕೆ ಬಿಡುತ್ತವೆ. ಇಲಿಗಳಿಗೆ ಬಿಪಿಎ ಕೊಟ್ಟಾಗ ಈ ಬ್ಯಾಕ್ಟೀರಿಯಾಗಳ ಸಂತೆ ಏರುಪೇರಾಗಿದೆ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇರುವ ಹೆಂಗಸರಲ್ಲಿ ಬಿಪಿಎ ಜಾಸ್ತಿ ಕಂಡ ಅಧ್ಯಯನಗಳೂ ಇವೆ, ಆದರೆ ಅದರಿಂದಲೇ ಪಿಸಿಓಎಸ್ ಬಂತು ಅನ್ನಲು ಸಾಲದು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನ್, ಶುಗರ್ ಟೆಸ್ಟ್, ಸ್ಕ್ಯಾನ್ ಮಾಡಿಸಿ. ಬಿಲ್ ಪೇಪರ್ ಬೈದುಕೊಂಡು ಕೂತರೆ ಥೈರಾಯ್ಡ್ ಇಳಿಯಲ್ಲ. ಕೌಂಟರಲ್ಲಿ ಸ್ಯಾನಿಟೈಸರ್ ಬದಲು ಸೋಪು ನೀರು.

ಮಂಜುನಾಥ್: ನಮ್ಮಜ್ಜಿ ಕಾಲದಿಂದ ಹರಳೆಣ್ಣೆ ಕುಡಿದವರೇ ಎಲ್ಲ.

ವೀಣಾ: ನಿಮ್ಮಜ್ಜಿ ಬಿಲ್ಲಿಂಗ್ ಕೌಂಟರಲ್ಲಿ ಕೂತಿದ್ರಾ?

ಮಂಜುನಾಥ್: ಡಾಕ್ಟರುಗಳಿಗೆ ಸ್ಕ್ಯಾನ್ ಬರೆಯೋದು ಬಿಟ್ಟರೆ ಇನ್ನೇನು ಗೊತ್ತು. ಪ್ಲಾಸ್ಟಿಕ್ ಅಂತ ಹೆದರಿಸೋದೊಂದು ಹೊಸ ವ್ಯಾಪಾರ.

ಡಾಕ್ಟರ್: 1998ರಲ್ಲಿ ಅಮೆರಿಕದ ಪೆಟ್ರೀಷಿಯಾ ಹಂಟ್ ಅವರ ಲ್ಯಾಬಲ್ಲಿ ಇಲಿಗಳ ಪ್ಲಾಸ್ಟಿಕ್ ಪಂಜರಗಳನ್ನು ಯಾರೋ ನೆಲ ತೊಳೆಯುವ ಸೋಪಲ್ಲಿ ತೊಳೆದುಬಿಟ್ಟರು. ಪ್ಲಾಸ್ಟಿಕ್ ಹಾಳಾಗಿ ಬಿಪಿಎ ಬಿಟ್ಟಿತು, ಹೆಣ್ಣಿಲಿಗಳ ಅಂಡಾಣುಗಳಲ್ಲಿ ಕ್ರೋಮೋಸೋಮ್ ಎಡವಟ್ಟಾಯಿತು. ಅವರು ಬಿಪಿಎ ಹುಡುಕಲು ಹೊರಟವರೇ ಅಲ್ಲ. ಯಾವ ವ್ಯಾಪಾರ ಇದು?

ಸಂಧ್ಯಾ: ಬಿಪಿಎ ಫ್ರೀ ಡಬ್ಬಿ ಓವನ್ನಲ್ಲಿ ಇಡಬಹುದಾ?

ಡಾಕ್ಟರ್: ಬೇಡ. ಬದಲಿಗೆ ಬಿಪಿಎಸ್ ಹಾಕಿರಬಹುದು, ಅದು ಇದರದೇ ತಮ್ಮ.

ಶೈಲಜಾ: ಬಿಪಿಎ ಫ್ರೀ ಟಿಫಿನ್ ಬಾಕ್ಸಲ್ಲಿ ಬಿಸಿ ಅನ್ನ?

ಡಾಕ್ಟರ್: ಮೇಲೆ ಓದಿ.

ವೀಣಾ: ಇಡ್ಲಿಗೆ ಪ್ಲಾಸ್ಟಿಕ್ ಹಾಳೆ ಹಾಕಬಾರದು ಅಂತ 2025ರಲ್ಲೇ ನಮ್ಮ ಸರ್ಕಾರ ಹೇಳಿತಲ್ಲ, ಆದರೂ ನಿನ್ನೆ ತಿಂದ ಇಡ್ಲಿಗೆ ಹಾಳೆಯ ಚೂರು ಅಂಟಿಕೊಂಡೇ ಇತ್ತು.

ಮಂಜುನಾಥ್: ಹಾಗಾದರೆ ಮನೇಲಿ ಬೇಯಿಸಿಕೊಳ್ಳಿ.

ವೀಣಾ: ನೀವು ಬೇಯಿಸ್ತೀರಾ? ಬರ್ತೀನಿ.

ಲತಾ: ತಾಮ್ರದ ಬಾಟಲಿ ಆಫರಲ್ಲಿದೆ, ಬೇಕಾದವರು ಇನ್‌ಬಾಕ್ಸ್ ಮಾಡಿ.

ಅಡ್ಮಿನ್: ಲತಾ ಅವರೇ, ಇದು ಎರಡನೇ ಸಲ. ತೆಗೆಯಿರಿ.

ರೇಖಾ: ವಾಟರ್ ಕ್ಯಾನ್???

ಚೈತ್ರಾ: ಮೇಡಂ, ಭಾನುವಾರದವರೆಗೆ ರಜೆ ಕೊಡಲ್ಲ. ಆಮೇಲೆ ಮಾಡಿಸಿದರೆ ಆಗುತ್ತಾ?

ಡಾಕ್ಟರ್: ರಕ್ತದ ಟೆಸ್ಟ್ ಭಾನುವಾರ ಆಗಲಿ. ಪ್ರೆಗ್ನೆನ್ಸಿ ಕಿಟ್‌ಗೆ ರಜೆ ಯಾಕೆ ಬೇಕು? ಮೆಡಿಕಲ್ಸಲ್ಲಿ ಸಿಗುತ್ತದೆ. ನಾಳೆ ಬೆಳಗಿನ ಮೊದಲ ಮೂತ್ರದಲ್ಲೇ ನೋಡಿ, ಏನು ಬಂತು ಅಂತ ನನಗೆ ಮೆಸೇಜ್ ಮಾಡಿ.