ಅಪ್‌ಡೇಟ್: ಎಂಎಂ 106 ಚಿಗುರು ಈಗ ಗಾಜಿನಂತಾಗುತ್ತಿಲ್ಲ, ಬೇರೂ ಬಂತು

ಕೇಳಿದ್ದು ಇಷ್ಟೆ: ಸೇಬಿನ ಎಂಎಂ 106 ರೂಟ್‌ಸ್ಟಾಕನ್ನು (ಕಸಿ ಕಟ್ಟುವ ಬೇರುಗಿಡದ ಒಂದು ತಳಿ) ಟಿಶ್ಯೂ ಕಲ್ಚರ್‌ನಲ್ಲಿ, ಅಂದರೆ ಬಾಟಲಿಯೊಳಗೆ ಪೋಷಕ ಮಾಧ್ಯಮದ ಮೇಲೆ, ಬೆಳೆಸುವಾಗ ಚಿಗುರು ನೀರು ತುಂಬಿಕೊಂಡು ಗಾಜಿನಂತಾಗುತ್ತಿದೆ, ಬೇರು ಬಿಡುತ್ತಿಲ್ಲ, ಏನು ಮಾಡಲಿ? ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಎರಡೂ ಬಗೆಹರಿದಿವೆ.

ಗಾಜಾಗಲು ಮುಖ್ಯ ಕಾರಣ ಬಿಎಪಿ, ಅಂದರೆ ಚಿಗುರೊಡೆಸುವ ಹಾರ್ಮೋನ್. ಲೀಟರ್ ಎಂಎಸ್ (ಮುರಾಶಿಗೆ-ಸ್ಕೂಗ್) ಪೋಷಕ ಮಾಧ್ಯಮಕ್ಕೆ 2 ಮಿ.ಗ್ರಾಂ ಇದ್ದದ್ದನ್ನು 0.7ಕ್ಕೆ ಇಳಿಸಿ, ಬೇರು ಬರಿಸುವ ಹಾರ್ಮೋನ್ ಐಬಿಎ 0.1 ಮಿ.ಗ್ರಾಂ ಇಟ್ಟು, ಮಾಧ್ಯಮವನ್ನು ಹೆಪ್ಪುಗಟ್ಟಿಸುವ ಅಗರನ್ನು 5.5ರಿಂದ 7 ಗ್ರಾಂಗೆ ಏರಿಸಿದೆ. ಬಾಟಲಿಗೆ ಗಾಳಿಯಾಡುವ ಮುಚ್ಚಳ ಹಾಕಿದ ಮೇಲೆ ಒಳಗೋಡೆಯ ಹನಿಯೂ ಕಡಿಮೆಯಾಯಿತು. ಚಿಗುರುಗಳ ಸಂಖ್ಯೆ ಇಳಿಯುತ್ತದೆ, ಇಳಿಯಲಿ. ಗಾಜಾದ ಹತ್ತು ಚಿಗುರಿಗಿಂತ ಗಟ್ಟಿ ನಾಲ್ಕೇ ವಾಸಿ. ಪಿಎಚ್ 5.7. ಅದು 5ರ ಕೆಳಗೆ ಜಾರಿದರೆ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಆದಮೇಲೆ ಅಗರ್ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಬೇರಿಗೆ ಎರಡು ಹಂತ. 2–3 ಸೆಂ.ಮೀ. ಚಿಗುರನ್ನು ಅರ್ಧ ಶಕ್ತಿಯ ಎಂಎಸ್, 1 ಮಿ.ಗ್ರಾಂ ಐಬಿಎ, 20 ಗ್ರಾಂ ಸಕ್ಕರೆ ಇರುವ ಮಾಧ್ಯಮದಲ್ಲಿ ಐದು ದಿನ ಕತ್ತಲಲ್ಲಿಡಿ. ಆಮೇಲೆ ಹಾರ್ಮೋನ್ ಇಲ್ಲದ ಮಾಧ್ಯಮಕ್ಕೆ, ಬೆಳಕಿಗೆ. ಐಬಿಎಯಲ್ಲೇ ಬಿಟ್ಟರೆ ಬುಡದಲ್ಲಿ ಕ್ಯಾಲಸ್ (ರೂಪವಿಲ್ಲದ ಕೋಶಗಳ ಮುದ್ದೆ) ಗಂಟು ಊದುತ್ತದೆ. ಬೇರು ಆ ಗಂಟಿನಿಂದ ಹೊರಟರೆ ಕಾಂಡದ ನಾಳಕ್ಕೆ ಸರಿಯಾಗಿ ಕೂಡುವುದಿಲ್ಲ. ಅಗರ್ ತೊಳೆಯುವಾಗಲೇ ಪಟಕ್ಕನೆ ಕಳಚಿ ಕೈಗೆ ಬರುತ್ತದೆ.

ತೊಳೆಯುವುದನ್ನು ಮಾತ್ರ ಬಿಡಬೇಡಿ, ಅಂಟಿದ ಸಕ್ಕರೆಗೆ ಬೂಷ್ಟು ಹಿಡಿಯುತ್ತದೆ. ಆಮೇಲೆ ನೆಡುವುದು ಕೋಕೊಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಹಗುರ ಬಿಳಿ ಖನಿಜದ ಹರಳು) ಸಮಪಾಲಿನಲ್ಲಿ. ಮೇಲೆ ಪ್ಲಾಸ್ಟಿಕ್ ಹೊದಿಕೆ, ಅದನ್ನು ಮೂರು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ತೆರೆಯುವುದು. ಬಾಟಲಿಯ ಎಲೆಗೆ ಮೇಣದ ಪದರ ತೆಳು, ಪತ್ರರಂಧ್ರವೂ ಸರಿಯಾಗಿ ಮುಚ್ಚದು, ಹಾಗಾಗಿ ಒಮ್ಮೆಲೇ ತೆರೆದರೆ ಬಾಡುತ್ತದೆ.

ಗಿಡದಿಂದ ಕತ್ತರಿಸಿ ತಂದ ಶುರುವಿನ ತುಂಡು ಕಂದು ಬಣ್ಣಕ್ಕೆ ತಿರುಗುವುದರ ಬಗ್ಗೆ ಕೇಳಿದವರಿಗೆ: ಮೊದಲ ವಾರ ಒಂದೆರಡು ದಿನಕ್ಕೊಮ್ಮೆ ಹೊಸ ಮಾಧ್ಯಮಕ್ಕೆ ಬದಲಿಸಿ ನೋಡಿ. ಕಂದು ಮಾಡುವ ವಸ್ತುವನ್ನು ಹೀರಲೆಂದು ಇದ್ದಿಲು ಪುಡಿ ಹಾಕಿದರೆ ಅದು ಹಾರ್ಮೋನನ್ನೂ ಹೀರಿಕೊಳ್ಳುತ್ತದೆ.