ಅರ್ಧ ಕಟ್ಟಿದ ಪುಟ್ಟ ಉಗಿ ಎಂಜಿನ್ ಕೊಳ್ಳಬಹುದಾ? ಅನುಭವ ಇರುವವರು ಹೇಳಿ

ಪ್ರಶ್ನೆ, ಡರ್ಬಿಯಿಂದ

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆಯವನು. ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದು ಇಲ್ಲೇ ನೆಲೆಸಿದ್ದೇನೆ. ಚಿಕ್ಕಂದಿನಲ್ಲಿ ಮೀಟರ್ ಗೇಜಿನ ಉಗಿ ಎಂಜಿನ್ ನೋಡಿಕೊಂಡೇ ಬೆಳೆದವನು, ಆ ಹುಚ್ಚು ಇನ್ನೂ ಬಿಟ್ಟಿಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡರು. ಅವರು ಅರ್ಧ ಕಟ್ಟಿಟ್ಟಿದ್ದ 3½ ಇಂಚು ಗೇಜಿನ (ಹಳಿಗಳ ನಡುವಿನ ಅಂತರ), ಹಿಂದೆ ಕೂತು ಓಡಿಸುವಂಥ ‘ಟಿಚ್’ ಮಾದರಿಯ ಎಂಜಿನ್ನನ್ನು ಮನೆಯವರು ಮಾರುತ್ತಿದ್ದಾರೆ. ಚಾಸಿ (ಚಕ್ರ, ಸಿಲಿಂಡರ್ ಎಲ್ಲ ಕೂರುವ ಕೆಳಗಿನ ಚೌಕಟ್ಟು) ಮುಗಿದಿದೆ. ತಾಮ್ರದ ಬಾಯ್ಲರ್ ಬೇರೆಯಾಗಿ ಇದೆ, ಅದಕ್ಕೆ ಕಾಗದಪತ್ರ ಏನೂ ಇಲ್ಲ. ಲೇತ್ ಕೆಲಸ ನನಗೆ ತಕ್ಕಮಟ್ಟಿಗೆ ಬರುತ್ತದೆ. ಕೊಳ್ಳಬಹುದಾ? ಕೊಂಡರೆ ಎಲ್ಲಿಂದ ಶುರು ಮಾಡಲಿ?

ಲೆಸ್ಟರ್‌ನಿಂದ

ಕೊಳ್ಳಿ ಸರ್. ಆದರೆ ಬಾಯ್ಲರ್‌ಗೆ ಬೆಲೆ ಕಟ್ಟಬೇಡಿ, ಚಾಸಿಗೆ ಮಾತ್ರ ದುಡ್ಡು ಕೊಡಿ. ಬಾಯ್ಲರ್ ಪರೀಕ್ಷೆಯಲ್ಲಿ ಪಾಸಾದರೆ ನಿಮ್ಮ ಅದೃಷ್ಟ. ಚಾಸಿಯಲ್ಲಿ ಏನು ಕೆಟ್ಟಿದ್ದರೂ ಬಿಚ್ಚಿ ಇನ್ನೊಂದು ಮಾಡಬಹುದು. ಬಾಯ್ಲರ್ ಹಾಗಲ್ಲ. ನೀವು ಅದರ ಹಿಂದೆಯೇ, ಮುಖ ಹತ್ತಿರ ಇಟ್ಟುಕೊಂಡು ಕೂರುತ್ತೀರಿ. ಮಕ್ಕಳೂ ಹಿಂದೆ ಕೂತಿರುತ್ತಾರೆ.

ಮೊದಲು ಕಣ್ಣಲ್ಲೇ ನೋಡಿ. ಒಂದು ಟಾರ್ಚು, ಹಲ್ಲಿನ ಡಾಕ್ಟರು ಬಳಸುವಂಥ ಪುಟ್ಟ ಕನ್ನಡಿ ಸಾಕು. ಫೈರ್‌ಬಾಕ್ಸ್ (ಬೆಂಕಿ ಉರಿಯುವ ಗೂಡು) ಒಳಗೆ ಸ್ಟೇಗಳ (ಬಾಯ್ಲರಿನ ಗೋಡೆಗಳನ್ನು ಹಿಡಿದಿಡುವ ಕಡ್ಡಿಗಳು) ತಲೆ ಸುತ್ತ ಮಂಕು ಬೂದು ಬಣ್ಣದ ಲೋಹ ಬಳಿದ ಹಾಗೆ ಕಂಡರೆ ಅದು ಸೀಸದ ಬೆಸುಗೆ. ಹಿಂದೆ ಸೋರುವ ಜಾಗಕ್ಕೆ ಹೀಗೆ ಹಚ್ಚುವ ರೂಢಿ ಇತ್ತು. ಮುಂದೆ ಅಲ್ಲಿ ರಿಪೇರಿ ಬಂದರೆ ಕಷ್ಟ. ಸೀಸ ತಾಗಿದ ತಾಮ್ರಕ್ಕೆ ಬೆಳ್ಳಿ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ, ಸೀಸವನ್ನು ಪೂರ್ತಿ ತೆಗೆಯೋದೂ ಆಗದ ಕೆಲಸ. ಆಮೇಲೆ ಬುಷ್‌ಗಳನ್ನು, ಅಂದರೆ ವಾಲ್ವು, ಪೈಪು ಕೂರಿಸಲು ಬಾಯ್ಲರಿಗೆ ಬೆಸೆದ ಬಳೆಗಳನ್ನು ನೋಡಿ. ಹಳದಿಯಾಗಿದ್ದರೆ ಹಿತ್ತಾಳೆ ಇರಬಹುದು. ಬಾಯ್ಲರ್ ನೀರಲ್ಲಿ ಹಿತ್ತಾಳೆಯ ಸತು ನಿಧಾನಕ್ಕೆ ಕರಗಿ ಹೋಗಿ, ಉಳಿದದ್ದು ಸತ್ವವಿಲ್ಲದ ತಾಮ್ರ ಆಗುತ್ತದೆ. ಬುಷ್ ಕಂಚಿನದ್ದೇ ಇರಬೇಕು.

ಆಮೇಲೆ ಹತ್ತಿರದ ಮಾಡೆಲ್ ಎಂಜಿನಿಯರಿಂಗ್ ಕ್ಲಬ್ಬಿಗೆ ಹೋಗಿ ಬಾಯ್ಲರ್ ಪರೀಕ್ಷಕರನ್ನು ಕಾಣಿ. ಒಂದು ಬೋಲ್ಟ್ ಬಿಗಿಯುವ ಮೊದಲೇ ಹೋಗಿ. ಕಾಗದಪತ್ರ ಇಲ್ಲದ ಬಾಯ್ಲರನ್ನು ಹೊಸದರ ಹಾಗೇ ನೋಡುತ್ತಾರೆ. ಕೆಲಸದ ಒತ್ತಡ 80 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆದರೆ ಮೊದಲ ಪರೀಕ್ಷೆ ಅದರ ಎರಡು ಪಟ್ಟು, ಅಂದರೆ 160ಕ್ಕೆ. ಮುಂದಿನವು ಒಂದೂವರೆ ಪಟ್ಟು. ಗಾಳಿ ಒಂದಿಷ್ಟೂ ಉಳಿಯದ ಹಾಗೆ ತಣ್ಣೀರು ತುಂಬಿ, ಕೈ ಪಂಪಿನಲ್ಲಿ ಒತ್ತಡ ಏರಿಸುತ್ತಾರೆ. ನೀರು ಕುಗ್ಗುವುದಿಲ್ಲ ಅಲ್ವಾ, ಹಾಗಾಗಿ ಎಲ್ಲಾದರೂ ಬಿರುಕು ಬಿಟ್ಟರೆ ನಾಲ್ಕು ಹನಿ ಜಿನುಗಿ ಒತ್ತಡ ಮಾಪಕದ ಮುಳ್ಳು ಇಳಿಯುತ್ತದೆ, ಅಷ್ಟೇ. ದಯವಿಟ್ಟು ಯಾರೂ ಕಂಪ್ರೆಸರ್ ಗಾಳಿ ತುಂಬಿ ಬಾಯ್ಲರ್ ಪರೀಕ್ಷೆ ಮಾಡಬೇಡಿ. ಅದು ಒಡೆದರೆ ಬಾಂಬು.

ಪಾಸಾಗದಿದ್ದರೆ ಹೊಸದು ಕೊಳ್ಳಬಹುದು, ಇಲ್ಲ ಕ್ಲಬ್ಬಿನಲ್ಲಿ ಬಲ್ಲವರ ಜೊತೆ ನಿಂತು ಮಾಡಬಹುದು. ನನ್ನ ಆಯ್ಕೆ ಎರಡನೆಯದು. ನೂರಕ್ಕೆ 55 ಪಾಲು ಬೆಳ್ಳಿ ಇರುವ ಬೆಸುಗೆ ಕಡ್ಡಿ 630ರಿಂದ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತಾಮ್ರ ಬಿಸಿಯನ್ನು ಎಲ್ಲ ಕಡೆಗೂ ಎಳೆದುಕೊಳ್ಳುವುದರಿಂದ ಸಣ್ಣ ಬರ್ನರ್‌ ಸಾಲುವುದಿಲ್ಲ, ದೊಡ್ಡ ಪ್ರೊಪೇನ್ ಜ್ವಾಲೆಯೇ ಬೇಕು. ಹಚ್ಚಿದ ಬಿಳಿ ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಲೇಪ) ಮೊದಲು ಉಬ್ಬಿ ಪೊರೆಪೊರೆಯಾಗುತ್ತದೆ, ಆಮೇಲೆ ಗಾಜಿನ ಹಾಗೆ ತಿಳಿಯಾಗಿ ಹರಡುತ್ತದೆ. ತಾಮ್ರ ಮಂದವಾಗಿ ಕೆಂಪೇರಿದಾಗ ಕಡ್ಡಿ ತಾಗಿಸಿ. ಬೆಸುಗೆ ಸಂದಿನೊಳಗೆ ತಾನೇ ನುಗ್ಗಿ, ಆಚೆ ಬದಿಯಲ್ಲಿ ಬೆಳ್ಳಿಗೆರೆಯಾಗಿ ಮೂಡುತ್ತದೆ. ಆ ಗೆರೆ ಪೂರ್ತಿ ಸುತ್ತು ಕಂಡರೆ ಮಾತ್ರ ಆ ಜೋಡಣೆ ಗಟ್ಟಿ. ಇನ್ನೊಂದು ಮಾತು: ಆ ಹಿರಿಯರ ಶೆಡ್ಡಿನಲ್ಲಿ ಹಳೇ ಬೆಸುಗೆ ಕಡ್ಡಿಗಳು ಸಿಕ್ಕರೆ ಬಳಸಬೇಡಿ. ಅದರಲ್ಲಿ ಕ್ಯಾಡ್ಮಿಯಂ ಇರುವ ಸಾಧ್ಯತೆ ಜಾಸ್ತಿ. ಆ ಹೊಗೆ ಶ್ವಾಸಕೋಶವನ್ನೇ ಸುಡುತ್ತದೆ, ಜೀವಕ್ಕೇ ಅಪಾಯ.

ಅಷ್ಟರಲ್ಲಿ ಚಾಸಿಯನ್ನು ಗಾಳಿಯಲ್ಲಿ ಓಡಿಸಿ ನೋಡಿ. ಅದಕ್ಕೆ ಕಂಪ್ರೆಸರ್ ಸರಿ, 15-20 ಪಿಎಸ್‌ಐ ಸಾಕು. ಚಕ್ರ ಒಂದು ಸುತ್ತಿಗೆ ನಾಲ್ಕು ಸಲ ಉಸಿರು ಬಿಡಬೇಕು, ನಾಲ್ಕೂ ಒಂದೇ ಸಮ ಕೇಳಬೇಕು. ಕುಂಟಿದರೆ ವಾಲ್ವ್ ಹೊಂದಾಣಿಕೆ ತಪ್ಪಿದೆ ಅಂತ ಅರ್ಥ.

ಕೆಂಟ್‌ನಿಂದ

ಬಾಯ್ಲರ್ ವಿಷಯಕ್ಕೆ ಸಂಪೂರ್ಣ ಒಪ್ಪಿಗೆ. ನಾನು ಓಡಿಸುವ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಟಿಚ್ ಚಿಕ್ಕದು, ಹೊಸಬರಿಗೆ ಸುಲಭ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಕಟ್ಟೋಕೆ ಸುಲಭ, ನಿಜ. ಓಡಿಸೋದು ಕಷ್ಟ. ಫೈರ್‌ಬಾಕ್ಸ್ ಅಷ್ಟು ಪುಟ್ಟದು. ಒಂದು ಚಮಚ ಕಲ್ಲಿದ್ದಲು ಜಾಸ್ತಿಯಾದರೆ ಬೆಂಕಿ ಮಂಕಾಗುತ್ತದೆ, ಒಂದು ಚಮಚ ತಡವಾದರೆ ಆರುತ್ತದೆ. ಬಾಯ್ಲರ್ ಹೊಸದು ಮಾಡುವುದಾದರೆ ಇದೇ ಎಂಜಿನ್ನಿಗೆ ದೊಡ್ಡ ಬಾಯ್ಲರಿನ ನಕ್ಷೆಯೂ ಇದೆ, ಅದನ್ನೇ ಹಿಡಿಯಿರಿ.

ಇದರ ನಕ್ಷೆ ಕೊಟ್ಟವರು ಎಲ್‌ಬಿಎಸ್‌ಸಿ ಅನ್ನುವ ಹೆಸರಲ್ಲಿ ಬರೆಯುತ್ತಿದ್ದ ಕರ್ಲಿ ಲಾರೆನ್ಸ್. ಇಷ್ಟು ಸಣ್ಣ ಬಾಯ್ಲರಿಗೆ ಸ್ಪಿರಿಟ್ ದೀಪವೇ ಗತಿ ಅಂತ ದೊಡ್ಡದೊಡ್ಡವರು ವಾದಿಸುತ್ತಿದ್ದ ಕಾಲದಲ್ಲಿ, 1920ರ ದಶಕದಲ್ಲಿ, 2½ ಇಂಚು ಗೇಜಿನ ‘ಆಯೇಶಾ’ ಎಂಬ ತಮ್ಮ ಎಂಜಿನ್ನಿಗೆ ಕಲ್ಲಿದ್ದಲು ಹಾಕಿ ಮನುಷ್ಯರನ್ನು ಎಳೆಸಿ ತೋರಿಸಿದರು. ಇವತ್ತು ನಾವೆಲ್ಲ ಈ ಹವ್ಯಾಸದಲ್ಲಿ ಇರೋದೇ ಅವರಿಂದ. ಆ ಋಣ ನನಗೆ ದೊಡ್ಡದು.

ಕಲ್ಲಿದ್ದಲಿಗೆ ವೇಲ್ಸಿನದ್ದು ಶ್ರೇಷ್ಠ. ಹೊಗೆ ಕಡಿಮೆ, ಕಾವು ಜಾಸ್ತಿ. ಆದರೆ 2023ರಲ್ಲಿ ಮರ್ಥರ್ ಟಿಡ್‌ಫಿಲ್ ಬಳಿಯ ಫೋಸ್-ಇ-ಫ್ರಾನ್ ಗಣಿ ಮುಚ್ಚಿದ ಮೇಲೆ ಅದು ಸಿಗುವುದು ಕಷ್ಟ. ಈಗ ಹೆಚ್ಚಿನ ಕ್ಲಬ್ಬುಗಳು ಒಟ್ಟಿಗೆ ತರಿಸಿ ಹಂಚಿಕೊಳ್ಳುತ್ತವೆ. ಮನೆ ಒಲೆಯ ಸಾದಾ ಕಲ್ಲಿದ್ದಲು ಬೇಡ, ಟಾರ್ ಕಟ್ಟಿ, ಬಾಯ್ಲರಿನೊಳಗೆ ಹೊಗೆ ಹಾಯುವ ಟ್ಯೂಬುಗಳು ಮುಚ್ಚುತ್ತವೆ. ಬೆಂಕಿ ಹಿಡಿಸಲು ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲು ಹಾಕಿ, ಚಿಮಣಿ ಮೇಲೆ ಸಣ್ಣ ಎಲೆಕ್ಟ್ರಿಕ್ ಫ್ಯಾನ್ ಕೂರಿಸಿ. ಸ್ವಲ್ಪ ಒತ್ತಡ ಬಂದ ಮೇಲೆ ಎಂಜಿನ್ನಿನ ಬ್ಲೋವರ್ (ಚಿಮಣಿಗೆ ಉಗಿ ಊದುವ ನಳಿಕೆ) ತಾನೇ ಗಾಳಿ ಎಳೆದುಕೊಳ್ಳುತ್ತದೆ.

ಕಣ್ಣು ಸದಾ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಮೇಲೆ ಇರಲಿ. ಗಾಜಿನಲ್ಲಿ ನೀರು ಕಾಣದಿದ್ದರೆ ಪಂಪು ಒತ್ತಬೇಡಿ, ಮೊದಲು ಬೆಂಕಿ ಕೆಳಗೆ ಬೀಳಿಸಿ. ಒಣಗಿ ಕಾದ ತಾಮ್ರದ ಮೇಲೆ ನೀರು ಬಿಡುವುದು ದೊಡ್ಡ ಅಪಾಯ. ನೀರು ತುಂಬಲು ಎರಡು ಬೇರೆಬೇರೆ ದಾರಿ ಇರಲೇಬೇಕು, ಉದಾಹರಣೆಗೆ ಚಕ್ರದ ಅಚ್ಚಿನಿಂದ ನಡೆಯುವ ಪಂಪು ಮತ್ತು ಕೈ ಪಂಪು. ವರ್ಷವರ್ಷದ ಉಗಿ ಪರೀಕ್ಷೆಯಲ್ಲಿ ಸೇಫ್ಟಿ ವಾಲ್ವನ್ನೂ ನೋಡುತ್ತಾರೆ. ಬೆಂಕಿ ಜೋರಾಗಿ, ಬ್ಲೋವರ್ ಪೂರ್ತಿ ತೆರೆದಿದ್ದರೂ ಒತ್ತಡ ಕೆಲಸದ ಒತ್ತಡಕ್ಕಿಂತ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಏರಬಾರದು.

ನಮ್ಮ ಕಡೆ ನಲ್ಲಿ ನೀರು ತುಂಬಾ ಗಡಸು, ಬಾಯ್ಲರಿನಲ್ಲಿ ಸುಣ್ಣ ಕಟ್ಟುತ್ತದೆ. ನಾನು ಮಳೆನೀರು ಸೋಸಿ ಇಟ್ಟುಕೊಳ್ಳುತ್ತೇನೆ. ಸಿಲಿಂಡರಿಗೆ ಕಾಕಂಬಿಯ ಹಾಗೆ ಮಂದವಾದ ಸ್ಟೀಮ್ ಆಯಿಲ್ಲೇ ಬೇಕು, ಕಾರಿನ ಎಣ್ಣೆ ಉಗಿಗೆ ತೊಳೆದು ಹೋಗುತ್ತದೆ. ಓಡಿಸಿ ಮುಗಿದ ದಿನವೇ ಬೂದಿ ತೆಗೆದು, ಟ್ಯೂಬುಗಳಿಗೆ ಬ್ರಷ್ ಹಾಕಿ, ಸ್ಮೋಕ್‌ಬಾಕ್ಸ್ (ಚಿಮಣಿ ಕೆಳಗಿನ ಹೊಗೆ ಗೂಡು) ಗುಡಿಸಿ ಒರೆಸಿ. ನಾಳೆ ಮಾಡೋಣ ಅಂತ ಬಿಟ್ಟರೆ ಬೂದಿ ತೇವ ಎಳೆದು ಆಸಿಡ್ ಆಗಿ ಉಕ್ಕನ್ನು ತಿನ್ನುತ್ತದೆ. ಚಳಿಗಾಲದಲ್ಲಿ ಬಾಯ್ಲರ್, ಪಂಪು, ಪೈಪು ಎಲ್ಲದರ ನೀರೂ ಬಸಿದಿಡಿ. ಹೆಪ್ಪುಗಟ್ಟಿದರೆ ಪಂಪಿನ ಮೈಯೇ ಸೀಳುತ್ತದೆ.

ಬೆಂಗಳೂರಿನಿಂದ

ಊರಲ್ಲಿ ಇದ್ದುಕೊಂಡೇ ಈ ಆಸೆ ಇರುವವರಿಗೆ ಒಂದು ಮಾತು. ಇಲ್ಲಿ ನನ್ನ ಸುತ್ತ ಪರೀಕ್ಷೆ ಮಾಡಿಕೊಡುವ ಕ್ಲಬ್ ಇಲ್ಲ. ಹಾಗಾಗಿ ನಾನು 45 ಮಿ.ಮೀ. ಹಳಿಯ, ಬ್ಯುಟೇನ್ ಗ್ಯಾಸಿನಲ್ಲಿ ಓಡುವ, ಪರೀಕ್ಷೆಯಾಗಿ ಬಂದ ರೆಡಿ ಎಂಜಿನ್ನೇ ಇಟ್ಟುಕೊಂಡಿದ್ದೇನೆ. ಮನುಷ್ಯರನ್ನು ಎಳೆಯಲ್ಲ, ಟೆರೇಸ್ ಮೇಲೆ ಸುತ್ತುತ್ತದೆ. ನಮ್ಮ ದೇಶದ ಬಾಯ್ಲರ್ ಕಾಯ್ದೆ 25 ಲೀಟರ್‌ಗಿಂತ ಕಡಿಮೆ ಹಿಡಿಯುವ ಬಾಯ್ಲರಿಗೆ ಅನ್ವಯಿಸುವುದಿಲ್ಲ. ಅಂದರೆ ಸರ್ಕಾರದವರು ಬಂದು ನೋಡುವುದಿಲ್ಲ, ಜವಾಬ್ದಾರಿ ಪೂರ್ತಿ ನಮ್ಮದೇ. ಸ್ವಂತ ಬಾಯ್ಲರ್ ಕಟ್ಟುವ ಮನಸ್ಸಿದ್ದರೆ ತಣ್ಣೀರು ತುಂಬಿ ಒತ್ತಡ ಏರಿಸುವ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ.

ಡರ್ಬಿಯಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಶನಿವಾರ ನೋಡಲು ಹೋಗುತ್ತಿದ್ದೇನೆ. ಟಾರ್ಚು, ಕನ್ನಡಿ ರೆಡಿ. ಬೇರೆ ಏನಾದರೂ ಕೇಳಬೇಕಾ?

ಲೆಸ್ಟರ್‌ನಿಂದ

ಶೆಡ್ಡಿನ ಡಬ್ಬಿಗಳನ್ನು ಕೇಳಿ ಸರ್. ನಕ್ಷೆ, ಉಳಿದ ಎರಕದ ಭಾಗಗಳು, ಆ ಎಂಜಿನ್ನಿಗೆಂದೇ ಮಾಡಿಕೊಂಡ ಜಿಗ್‌ಗಳು, ಸಣ್ಣ ಟ್ಯಾಪು, ಡೈ ಎಲ್ಲ ಅಲ್ಲೇ ಇರುತ್ತವೆ. ಮನೆಯವರಿಗೆ ಅದೆಲ್ಲ ಗುಜರಿ ಅನ್ನಿಸಿ ಎಸೆದುಬಿಡುವುದುಂಟು. ನ್ಯಾಯವಾದ ಬೆಲೆ ಕೊಟ್ಟೇ ತಗೊಳ್ಳಿ. ನೋಟ್‌ಬುಕ್ ಸಿಕ್ಕರೆ ಅದನ್ನಂತೂ ಬಿಡಬೇಡಿ. ಬಾಯ್ಲರಿಗೆ ಯಾವ ದಪ್ಪದ ತಗಡು ಹಾಕಿದ್ದಾರೆ, ಯಾವ ಕಡ್ಡಿ ಬಳಸಿದ್ದಾರೆ ಅಂತ ಅದರಲ್ಲಿ ಬರೆದಿದ್ದರೆ ಪರೀಕ್ಷಕರು ಮೊದಲು ಕೇಳುವುದೇ ಅದನ್ನ.