ತಾಗಿದರೆ ಮುರಿಯಲೆಂದೇ ಮಾಡಿದ್ದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ರನ್‌ವೇ ಸಲಕರಣೆಗಳಿಂದ ಸಣ್ಣ ವಿಮಾನಗಳಿಗೆ ಇರುವ ಅಪಾಯದ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ರನ್‌ವೇ, ಆಂಟೆನಾ ಎಲ್ಲ ಹಾಗೇ ಇರಲಿ, ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆ ಸುತ್ತಮುತ್ತ ಎಲ್ಲರ ಬಾಯಲ್ಲೂ ಇರುವ ಮಾತುಗಳು. ನಾನು ಸಿಕ್ಕಿಕೊಂಡಿರುವುದು 'ಫ್ರಾಂಜಿಬಲ್' (frangible), ಅಂದರೆ ತಾಗಿದರೆ ಮುರಿಯುವಂತೆಯೇ ಮಾಡಿದ್ದು, ಎಂಬ ಪದದಲ್ಲಿ.

ರನ್‌ವೇ ಅಂಚಿನ ದೀಪಗಳು, ಫಲಕಗಳು ವಿಮಾನ ಓಡುವ ಜಾಗದ ಪಕ್ಕದಲ್ಲೇ ಇರಬೇಕು. ಅದಕ್ಕೇ ಅವನ್ನು ತಗ್ಗಾಗಿ, ಹಗುರವಾಗಿ ಮಾಡುತ್ತಾರೆ. ದೀಪದ ಕೊಳವೆಯ ಬುಡದಲ್ಲಿ, ನೆಲಕ್ಕೆ ತೀರಾ ಹತ್ತಿರ, ಸುತ್ತಲೂ ಒಂದು ಕಚ್ಚು ಕೊರೆದಿರುತ್ತಾರೆ. ಗಾಳಿಗೆ ಅದು ಜಗ್ಗುವುದಿಲ್ಲ. ಚಕ್ರ ಬಡಿದರೆ ಮಾತ್ರ ಅಲ್ಲೇ ಲಟಕ್ಕನೆ ಮುರಿಯಬೇಕು. ದೀಪ ಹೋದರೆ ಹೋಗಲಿ, ವಿಮಾನ ಉಳಿಯಲಿ ಅಂತ. ಸಣ್ಣ ವಿಮಾನಕ್ಕೆ ಇದು ಇನ್ನೂ ಮುಖ್ಯ. ಅದರ ಮೂಗಿನ ಚಕ್ರದ ಕಾಲು ಸಪೂರ, ಪ್ರೊಪೆಲ್ಲರ್ ನೆಲದಿಂದ ಗೇಣು ಚಿಲ್ಲರೆ ಎತ್ತರದಲ್ಲಿ ತಿರುಗುತ್ತಿರುತ್ತದೆ.

ಮಂಗಳೂರಿನವರಿಗೆ ಇದು ಬರೀ ಪದದ ವಿಷಯ ಅಲ್ಲ. 2010ರ ಮೇ 22ರಂದು ಇಲ್ಲಿ ರನ್‌ವೇ ದಾಟಿ ಹೋದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಬಲ ರೆಕ್ಕೆ, ಐಎಲ್‌ಎಸ್ (ಇಳಿಯುವ ವಿಮಾನಕ್ಕೆ ರೇಡಿಯೊ ಮೂಲಕ ದಾರಿ ತೋರಿಸುವ ವ್ಯವಸ್ಥೆ) ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಡಿದಿತ್ತು. ಆಮೇಲೆ ವಿಮಾನ ಕಣಿವೆಗೆ ಬಿತ್ತು. 158 ಜನ ತೀರಿಹೋದರು. ಬೋಯಿಂಗ್ 737ರಂಥ ದೊಡ್ಡ ವಿಮಾನದ ಗತಿಯೇ ಹೀಗಾದರೆ ಎರಡು ಸೀಟಿನ ವಿಮಾನದ ಪಾಡೇನು?

ಈಗ ಪದಕ್ಕೆ ಬರೋಣ. 'ಪೆಡಸು' ಅಂದರೆ ವಸ್ತುವಿನ ಗುಣ, ಗಾಜಿನ ಹಾಗೆ. ಇಲ್ಲಿ ವಸ್ತು ಗಟ್ಟಿಯೇ, ಮುರಿಯುವ ಜಾಗ ಮಾತ್ರ ಗೊತ್ತುಮಾಡಿದ್ದು. 'ನುಜ್ಜುಗುಜ್ಜು' ಆದಮೇಲಿನ ಸ್ಥಿತಿ. 'ಮುರಿದುಬೀಳುವ ದೀಪ' ಅಂದರೆ ಕಂಟ್ರಾಕ್ಟರ್ ಕಳಪೆ ಕೆಲಸ ಮಾಡಿದ್ದಾನೆ ಅಂತಲೇ ಕೇಳಿಸುತ್ತದೆ, ಅಲ್ವಾ? ನುಗ್ಗೆ ಕೊಂಬೆ ಹತ್ತಬೇಡ, ಮುರಿಯುತ್ತದೆ ಅಂತ ಮಕ್ಕಳಿಗೆ ಹೇಳುವಾಗಲೂ ಅದು ಕೊಂಬೆಯ ದೋಷವೇ. ನಮಗೆ ಬೇಕಾದ್ದು, ಮುರಿಯುವುದೇ ಅದರ ಕೆಲಸ ಎನ್ನುವ ಪದ.

ಬೀಸುಕಲ್ಲು, ಕಡೆಗೋಲು, ತೂಗುಸೇತುವೆಯ ಜಾಡಿನಲ್ಲಿ 'ಮುರಿಬುಡ' ಅಂತ ಮಾಡಿಕೊಂಡಿದ್ದೇನೆ. 'ಮುರಿಬುಡದ ದೀಪ' ನನ್ನ ಕಿವಿಗೆ ಚೆನ್ನಾಗಿದೆ. ಆದರೆ ಎತ್ತರದ ಕಂಬಗಳು ಬುಡದಲ್ಲೇ ಮುರಿಯಬೇಕೆಂದಿಲ್ಲ, ತುಂಡುತುಂಡಾಗಿಯೂ ಬಿಟ್ಟುಕೊಳ್ಳಬಹುದು. ಅದಕ್ಕೂ ಹೊಂದುವ ಪದ ಯಾರಿಗಾದರೂ ಹೊಳೆಯುತ್ತದೆಯೇ?

ಇನ್ನೊಂದಿದೆ. ಯುದ್ಧವಿಮಾನಗಳ ಹಲವು ನೆಲೆಗಳಲ್ಲಿ, ವಿಮಾನವನ್ನು ತಡೆದು ನಿಲ್ಲಿಸಲು ರನ್‌ವೇಗೆ ಅಡ್ಡಲಾಗಿ ಸುಮಾರು ಒಂದಂಗುಲ ದಪ್ಪದ ಉಕ್ಕಿನ ಕೇಬಲ್ ಕಟ್ಟಿರುತ್ತಾರೆ. ಯುದ್ಧವಿಮಾನದ ಬಾಲದ ಕೊಕ್ಕೆಗೆ ಸಿಗಲಿ ಅಂತ ರಬ್ಬರ್ ಬಿಲ್ಲೆಗಳು ಅದನ್ನು ನೆಲದಿಂದ ಸ್ವಲ್ಪ ಎತ್ತಿ ಹಿಡಿದಿರುತ್ತವೆ. ಅಲ್ಲಿಗೆ ಇಳಿಯುವ ಸಣ್ಣ ವಿಮಾನದ ಚಕ್ರಕ್ಕೆ ಇದೇ ಕಂಟಕ. 'ತಡೆಹಗ್ಗ' ಅಂದರೆ ಮೆತ್ತಗೆ ಕೇಳಿಸುತ್ತದೆ, 'ತಡೆತಂತಿ' ತೀರಾ ತೆಳು. 'ತಡೆಮಿಣಿ' (ಮಿಣಿ ಅಂದರೆ ಗಟ್ಟಿ ಹಗ್ಗ) ಆಗಬಹುದೇ? ಮಲ್ಪೆ ಬಂದರಿನ ಕಡೆಯವರು ಇದ್ದರೆ ದಯವಿಟ್ಟು ತಿಳಿಸಿ: ಟ್ರಾಲ್ ಬೋಟಿನ ಉಕ್ಕಿನ ರೋಪ್‌ಗೆ ಅಲ್ಲಿ ಬೇರೆ ಹೆಸರೇನಾದರೂ ಇದೆಯೇ?